ಗೋಧಿ ಬಿಯರ್‌ಗೆ ಯಾವ ಯೀಸ್ಟ್? ಮೈಸೂರಿನ ಚಳಿಯಲ್ಲೂ ಬಿಸಿಲಲ್ಲೂ ಹಾಕಿ ನೋಡಿದ ಮೇಲೆ

ಒಂದೇ ಪಾತ್ರೆಯಲ್ಲಿ ಕುದಿಸಿದ 25 ಲೀಟರ್ ವರ್ಟ್ ಅನ್ನು, ಅಂದರೆ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ನೆನೆಸಿ ತೆಗೆದ ಸಿಹಿ ನೀರನ್ನು, ಐದು ಜಾರ್‌ಗೆ ಸಮನಾಗಿ ಸುರಿದು, ಒಂದೊಂದಕ್ಕೂ ಬೇರೆ ಯೀಸ್ಟ್ ಹಾಕಿ, ಎರಡು ವಾರ ಬಿಟ್ಟು ಮೂಸಿ ನೋಡಿ. ಇವೆಲ್ಲ ಒಂದೇ ಗೋಧಿಯಿಂದ ಬಂದವು ಅಂತ ಯಾರೂ ನಂಬುವುದಿಲ್ಲ. ಒಂದು ಬಾಳೆಹಣ್ಣು, ಒಂದು ಲವಂಗ, ಒಂದು ಕಿತ್ತಳೆ ಸಿಪ್ಪೆ, ಇನ್ನೊಂದು ಬರೀ ಬ್ರೆಡ್ಡು. ಗೋಧಿ ಬಿಯರಿನ ಬಾಳೆಹಣ್ಣಿನ ಘಮ ಗೋಧಿಯಿಂದ ಬರುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅಲ್ಲ. ಗೋಧಿ ಕೊಡುವುದು ಮೈದಾನ ಮಾತ್ರ, ಆಟ ಆಡುವುದು ಯೀಸ್ಟ್.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸುವುದು 1965ರ ಅಬಕಾರಿ ಕಾಯ್ದೆ ಪ್ರಕಾರ ತಪ್ಪು, ಮನೆಯಲ್ಲಿ ಸ್ವಂತಕ್ಕೆ ಅಂತ ಮಾಡಿದರೂ ಅಷ್ಟೇ. ನಾನು ಇದನ್ನೆಲ್ಲ ಮಾಡಿ ನೋಡಿದ್ದು ಮೈಸೂರಿನ ಹೊರವಲಯದಲ್ಲಿ ಲೈಸೆನ್ಸ್ ಇರುವ ಮೈಕ್ರೋಬ್ರೂವರಿಯೊಂದರಲ್ಲಿ. ಅಲ್ಲಿ ಬ್ರೂವರ್ ಆಗಿರುವ ಗೆಳೆಯ ಹೊಸ ಬಿಯರಿಗೆ ಯೀಸ್ಟ್ ಆರಿಸಬೇಕಿತ್ತು, ಜೊತೆಗೆ ನಿಂತು ಮಾಡೋಣ ಬಾ ಅಂದ. ಆದರೆ ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ನಮ್ಮ ಊರು ಬಿಟ್ಟು ಹೋಗಿ, ಮನೆಯಲ್ಲಿ ಬಿಯರ್ ಮಾಡಲು ಅವಕಾಶ ಇರುವ ದೇಶಗಳಲ್ಲಿ ಗ್ಯಾರೇಜಿನಲ್ಲೋ ಅಡುಗೆಮನೆಯಲ್ಲೋ ಜಾರ್ ಇಟ್ಟುಕೊಂಡಿರುವವರಿಗೆ. ಅಮೆರಿಕದಲ್ಲಿ 1978ರ ಕಾನೂನಿನಿಂದ ಮನೆಬಳಕೆಯ ಬಿಯರಿಗೆ ತೆರಿಗೆ ಇಲ್ಲ, ಒಬ್ಬ ವಯಸ್ಕರಿಗೆ ವರ್ಷಕ್ಕೆ 100 ಗ್ಯಾಲನ್‌ವರೆಗೆ ಮಾಡಬಹುದು. ನಿಮ್ಮ ಜಾಗದ ನಿಯಮ ನೀವೇ ನೋಡಿಕೊಳ್ಳಿ.

ಈಗ ವಿಷಯಕ್ಕೆ ಬರೋಣ.

ಯೀಸ್ಟ್ ಆರಿಸುವಾಗ ಎಲ್ಲರೂ ಮೊದಲು ಕೇಳುವುದು "ಯಾವುದು ಚೆನ್ನಾಗಿದೆ?" ಅಂತ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಬೇರೆ: ಜಾರ್ ಇಡುವ ಕೋಣೆ ಎಷ್ಟು ಬಿಸಿ ಇರುತ್ತದೆ? ನಮ್ಮ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯವೇ. ಡಿಸೆಂಬರ್‌ನಲ್ಲಿ ದೋಸೆ ಹಿಟ್ಟು ಬೆಳಿಗ್ಗೆವರೆಗೂ ಉಬ್ಬದೆ ಕೂತಿರುತ್ತದೆ, ಏಪ್ರಿಲ್‌ನಲ್ಲಿ ಅದೇ ಹಿಟ್ಟು ರಾತ್ರಿ ಎರಡಕ್ಕೇ ಪಾತ್ರೆ ದಾಟಿ ಕಟ್ಟೆಯ ಮೇಲೆ ಹರಿದಿರುತ್ತದೆ. ಯೀಸ್ಟೂ ಹಾಗೇ. ಬಿಸಿ ಜಾಸ್ತಿ ಆದಷ್ಟೂ ಹಣ್ಣಿನ ವಾಸನೆ ಜಾಸ್ತಿ ಆಗುತ್ತದೆ, ಒಂದು ಮಿತಿ ದಾಟಿದರೆ ಅದೇ ಹಣ್ಣಿನ ವಾಸನೆ ನೈಲ್ ಪಾಲಿಶ್ ವಾಸನೆಗೆ ತಿರುಗುತ್ತದೆ. ಇನ್ನೊಂದು ನೆನಪಿಡಿ, ಹುದುಗುವಾಗ ಯೀಸ್ಟೇ ಬಿಸಿ ಹುಟ್ಟಿಸುತ್ತದೆ. ಕೋಣೆ 20 ಡಿಗ್ರಿ ಇದ್ದರೆ ಜಾರ್ ಒಳಗೆ 22, 23 ಇರುತ್ತದೆ. ಪ್ಯಾಕೆಟ್ ಮೇಲೆ ಬರೆದಿರುವ ಡಿಗ್ರಿ ಜಾರ್ ಒಳಗಿನದು, ಗೋಡೆಯ ಥರ್ಮಾಮೀಟರಿನದಲ್ಲ.

ಅದಕ್ಕೇ ನಾವು ಎರಡು ಸಲ ಮಾಡಿದೆವು. ಜನವರಿಯಲ್ಲಿ ಒಂದು ಸಲ, ಆಗ ಜಾರ್ ಒಳಗೆ 20ರಿಂದ 22 ಡಿಗ್ರಿ ಇತ್ತು. ಏಪ್ರಿಲ್‌ನಲ್ಲಿ ಇನ್ನೊಂದು ಸಲ, ಬೇಕು ಅಂತಲೇ ಎಸಿ ಹಾಕದೆ, ಒಳಗೆ 31, 32. ವರ್ಟ್ ಎರಡೂ ಸಲ ಒಂದೇ: ಗೋಧಿ ಮಾಲ್ಟ್ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಉಳಿದದ್ದು ಬಾರ್ಲಿಯ ಪಿಲ್ಸ್‌ನರ್ ಮಾಲ್ಟ್, ಕಹಿಗೆ ತುಸುವೇ ಹಾಪ್ಸ್ ಹೂವು, ಶುರುವಿನ ಗ್ರಾವಿಟಿ 1.048. ಗ್ರಾವಿಟಿ ಅಂದರೆ ನೀರಿಗೆ ಹೋಲಿಸಿದರೆ ವರ್ಟ್ ಎಷ್ಟು ಸಾಂದ್ರ ಅನ್ನುವ ಅಳತೆ, ಯೀಸ್ಟ್ ಸಕ್ಕರೆ ತಿಂದಷ್ಟೂ ಅದು ಇಳಿಯುತ್ತದೆ. ಜರ್ಮನಿಯಲ್ಲಿ ವೈಸ್‌ಬಿಯರ್ ಅನ್ನಿಸಿಕೊಳ್ಳಬೇಕಾದರೆ ಕನಿಷ್ಠ ಅರ್ಧದಷ್ಟು ಗೋಧಿ ಮಾಲ್ಟ್ ಇರಬೇಕು, ನಾವೂ ಅದನ್ನೇ ಇಟ್ಟುಕೊಂಡೆವು. ಗೋಧಿಗೆ ಬಾರ್ಲಿಯ ಹಾಗೆ ಹೊಟ್ಟು ಇರುವುದಿಲ್ಲ. ಹಾಗಾಗಿ ಸೋಸುವಾಗ ಇಡೀ ಮುದ್ದೆ ಅಂಟಿಕೊಂಡು ನೀರು ಇಳಿಯುವುದೇ ಇಲ್ಲ. ಇದಕ್ಕೆ ಭತ್ತದ ಹೊಟ್ಟು ಬೆರೆಸುತ್ತಾರೆ. ಹೊರದೇಶದಲ್ಲಿ ಅದನ್ನು ಚೀಲಕ್ಕೆ ಇಷ್ಟು ಅಂತ ದುಡ್ಡು ಕೊಟ್ಟು ತರುತ್ತಾರಂತೆ, ನಮಗೆ ಮಂಡ್ಯದ ಭಾವ ಅಕ್ಕಿ ಗಿರಣಿಯಿಂದ ಒಂದು ಮೂಟೆ ತಂದುಕೊಟ್ಟರು. ಗಿರಣಿ ಹೊಟ್ಟಿನಲ್ಲಿ ಧೂಳು ಜಾಸ್ತಿ. ನಾಲ್ಕೈದು ನೀರಲ್ಲಿ ತೊಳೆದು, ಒಂದು ಕುದಿ ಬರಿಸಿ, ಆ ನೀರು ಚೆಲ್ಲಿ, ಆಮೇಲೆ ಬಳಸಿ.

ಇನ್ನು ಯೀಸ್ಟ್‌ಗಳು.

ಶುರು ಮಾಡುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಲಾಲ್ಮಂಡ್ ಕಂಪನಿಯ ಮ್ಯೂನಿಕ್ ಕ್ಲಾಸಿಕ್. ಒಣ ಯೀಸ್ಟ್, ಫ್ರಿಜ್‌ನಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಜನವರಿಯ ಜಾರ್‌ನಲ್ಲಿ ಬಾಳೆಹಣ್ಣು ಮುಂದೆ, ಲವಂಗ ಹಿಂದೆ, ಎರಡೂ ಒಂದನ್ನೊಂದು ತುಳಿಯದೆ ಇದ್ದವು. ಗ್ರಾವಿಟಿ 1.011ಕ್ಕೆ ನಿಂತಿತು, ಅಂದರೆ ಸುಮಾರು ಶೇ 4.8 ಆಲ್ಕೋಹಾಲ್. ಭಾವನಿಗೆ ಗ್ಲಾಸ್ ಕೊಟ್ಟೆ. ಮೂಸಿ ನೋಡಿ, "ರಸಬಾಳೆ ಸಿಪ್ಪೆ ಸುಲ್ದಂಗದೆ ಕಣಯ್ಯ" ಅಂದರು. ನಂಜನಗೂಡು ರಸಬಾಳೆ ತಿಂದು ಬೆಳೆದವರ ಬಾಯಿಂದ ಈ ಮಾತು ಬಂತಲ್ಲ, ನನಗೆ ತುಂಬಾ ಖುಷಿ ಆಯಿತು. ಈ ವಾಸನೆ ಕೊಡುವ ವಸ್ತುವಿನ ಹೆಸರು ಐಸೋಅಮೈಲ್ ಅಸಿಟೇಟ್. ಮಾಗಿದ ಬಾಳೆಹಣ್ಣಲ್ಲೂ ಇರುವುದು ಅದೇ, ಯೀಸ್ಟ್ ಜಾರ್‌ನಲ್ಲಿ ಹುಟ್ಟಿಸುವುದೂ ಅದೇ. ಹೋಲಿಕೆ ಅಲ್ಲ, ನಿಜಕ್ಕೂ ಒಂದೇ ವಸ್ತು. ಆದರೆ ಏಪ್ರಿಲ್‌ನ ಜಾರ್? ಮೊದಲ ದಿನವೇ ನೊರೆ ಉಕ್ಕಿ ಏರ್‌ಲಾಕ್ (ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ ಮುಚ್ಚಳ) ಹಾರಿಹೋಯಿತು, ಬಿಯರಿನಲ್ಲಿ ಬಾಳೆಹಣ್ಣಿನ ಎಸೆನ್ಸ್ ಸುರಿದ ಹಾಗಿತ್ತು, ಹಿಂದೆಯೇ ಥಿನ್ನರ್ ವಾಸನೆ. ಇದನ್ನು ಹಾಕುವುದಾದರೆ 22 ದಾಟದ ಹಾಗೆ ನೋಡಿಕೊಳ್ಳಿ.

ಫರ್ಮೆಂಟಿಸ್ ಕಂಪನಿಯ ಡಬ್ಲ್ಯೂಬಿ-06 ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು, ಯಾಕೆಂದರೆ ಗೋಧಿ ಬಿಯರ್ ಅಂದ ತಕ್ಷಣ ತುಂಬಾ ಜನ ಕೊಳ್ಳುವುದು ಇದನ್ನೇ. ಕೆಟ್ಟದ್ದಲ್ಲ. ಆದರೆ ಜರ್ಮನಿಯ ಬವೇರಿಯಾ ಕಡೆಯ, ಬಾಳೆಹಣ್ಣಿನ ಘಮದ ಗೋಧಿ ಬಿಯರ್ ಬೇಕು ಅಂತ ಇದನ್ನು ತಂದರೆ ನಿರಾಸೆ ಆಗುತ್ತದೆ. ನಮ್ಮ ಜಾರ್‌ನಲ್ಲಿ ಬಾಳೆ ಬಹಳ ಕಡಿಮೆ, ಲವಂಗ ಮತ್ತು ಮೆಣಸಿನ ಘಾಟು ಜಾಸ್ತಿ, ಬಾಯಿಗೆ ತೆಳು, ಕೊನೆಗೆ ಚೂರು ಹುಳಿ. ಗ್ರಾವಿಟಿ 1.007ವರೆಗೆ ಇಳಿಯಿತು. ಒಂದೇ ವರ್ಟ್‌ನಿಂದ ಮ್ಯೂನಿಕ್ ಕ್ಲಾಸಿಕ್‌ಗಿಂತ ಇಷ್ಟು ಕೆಳಗೆ ಹೇಗೆ ಹೋಯಿತು ಅಂದರೆ, ಇದು ಡಯಾಸ್ಟಾಟಿಕಸ್ ಅನ್ನುವ ಜಾತಿಗೆ ಸೇರಿದ್ದು. ಬೇರೆ ಯೀಸ್ಟ್‌ಗಳು ಮುಟ್ಟದೆ ಬಿಡುವ ದೊಡ್ಡ ಸಕ್ಕರೆಗಳನ್ನೂ ಇದು ಒಂದು ಎಂಜೈಮ್ ಬಿಟ್ಟು ಕತ್ತರಿಸಿಕೊಂಡು ನಿಧಾನವಾಗಿ ತಿನ್ನುತ್ತದೆ. ಇಲ್ಲೇ ಅಪಾಯ ಇರುವುದು. ಗುಳ್ಳೆ ನಿಂತಿತು, ಮುಗಿಯಿತು ಅಂತ ಬಾಟಲಿಗೆ ತುಂಬಿಬಿಟ್ಟರೆ ಒಳಗೆ ತಿನ್ನುವುದು ಮುಂದುವರಿಯುತ್ತದೆ, ಗ್ಯಾಸ್ ಏರುತ್ತದೆ, ಗಾಜು ಸಿಡಿಯುತ್ತದೆ. ಗಾಜಿನ ಚೂರು ಮುಖಕ್ಕೆ ಬಡಿಯುವ ವಿಷಯ ಇದು, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಗ್ರಾವಿಟಿ ಅಳೆಯುವ ಹೈಡ್ರೋಮೀಟರ್‌ನಲ್ಲಿ ಒಂದೇ ಅಂಕಿ ಬರುತ್ತಿದೆಯಾ ಅಂತ ಬೇರೆ ಯೀಸ್ಟ್‌ಗೆ ಮೂರು ದಿನ ನೋಡಿದರೆ ಸಾಕು, ಇದಕ್ಕೆ ನಾನು ಒಂದು ವಾರ ನೋಡುತ್ತೇನೆ. ಬಳಸಿದ ಪೈಪು, ಪ್ಲಾಸ್ಟಿಕ್ ಬಕೆಟ್ಟನ್ನು ಬಹಳ ಚೆನ್ನಾಗಿ ತೊಳೆಯಬೇಕು, ಉಳಿದ ಕಣಗಳು ಮುಂದಿನ ಬಿಯರಿಗೂ ನುಗ್ಗುತ್ತವೆ. ಇಷ್ಟೆಲ್ಲ ಹೇಳಿದರೂ, ಊಟದ ಜೊತೆ, ಅದರಲ್ಲೂ ಖಾರದ ನಾಟಿಕೋಳಿ ಸಾರಿನ ಜೊತೆ ಕುಡಿಯಲು ನಮ್ಮ ಮೇಜಿನಲ್ಲಿ ಇಬ್ಬರು ಇದನ್ನೇ ಆರಿಸಿದರು. ತೆಳುವಾಗಿ, ಒಣಗಿದ ಹಾಗೆ ಇರುವುದರಿಂದ ಸಾರಿನ ಖಾರದ ಮೇಲೆ ಭಾರ ಆಗುವುದಿಲ್ಲ.

ಮೂರನೆಯದು ವೈಯೀಸ್ಟ್ ಕಂಪನಿಯ 3068. ದ್ರವ ಯೀಸ್ಟ್. ಬವೇರಿಯಾದ ವೈಹೆನ್‌ಸ್ಟೆಫಾನ್ ಯೀಸ್ಟ್ ಸಂಗ್ರಹದ 68ನೇ ನಂಬರಿನ ತಳಿ ಅಂತ ಹೇಳುವುದು ಇದನ್ನೇ. ವೈಟ್ ಲ್ಯಾಬ್ಸ್ ಅನ್ನುವ ಇನ್ನೊಂದು ಕಂಪನಿಯ 300 ಕೂಡ ಅದೇ ಮೂಲದ್ದು ಅಂತ ಬ್ರೂವರ್‌ಗಳು ನಂಬುತ್ತಾರೆ. ಜನವರಿಯ ಐದು ಜಾರ್‌ಗಳಲ್ಲಿ ಇದೇ ಎಲ್ಲದಕ್ಕಿಂತ ಮೇಲು, ನನಗೆ ಅನುಮಾನವೇ ಇಲ್ಲ. ಬಾಳೆ, ಲವಂಗ, ಸಣ್ಣಗೆ ವೆನಿಲಾ, ಬಾಯಿ ತುಂಬುವ ಮೆತ್ತನೆ. ಒಣ ಯೀಸ್ಟ್‌ನ ಬಿಯರ್ ಒಳ್ಳೆಯ ಫೋಟೋ ಇದ್ದ ಹಾಗಿದ್ದರೆ ಇದು ಎದುರಿಗೆ ಬಂದು ನಿಂತ ಹಾಗೆ. ಮೊದಲ ಎರಡು ಮೂರು ದಿನ ಕೊಳೆತ ಮೊಟ್ಟೆಯ ವಾಸನೆ ಬಂತು. ಹೆದರಬೇಡಿ, ಗಂಧಕದ ವಾಸನೆ ಅದು, ಗ್ಯಾಸಿನ ಜೊತೆ ಹೊರಗೆ ಹೋಗಿಬಿಡುತ್ತದೆ.

ತೊಂದರೆ ಇರುವುದು ತರುವುದರಲ್ಲಿ. ದ್ರವ ಯೀಸ್ಟ್ ತಣ್ಣಗೇ ಇರಬೇಕು. ಜನವರಿಯದ್ದನ್ನು ಅಕ್ಕನ ಮಗ ರಜೆಗೆ ಬರುವಾಗ ಐಸ್ ಪ್ಯಾಕ್ ನಡುವೆ ಇಟ್ಟು ತಂದಿದ್ದ. ಪ್ಯಾಕೆಟ್ ಒಳಗಿನ ಸಣ್ಣ ಚೀಲವನ್ನು ಅಂಗೈಯಲ್ಲಿ ಬಡಿದು ಒಡೆದರೆ ಯೀಸ್ಟ್‌ಗೆ ಆಹಾರ ಸಿಕ್ಕಿ, ಕೆಲವು ಗಂಟೆಗಳಲ್ಲಿ ಪ್ಯಾಕೆಟ್ ಪೂರಿ ಉಬ್ಬಿದ ಹಾಗೆ ಉಬ್ಬುತ್ತದೆ. ಉಬ್ಬಿತು ಅಂದರೆ ಜೀವ ಇದೆ. ಏಪ್ರಿಲ್‌ಗೆ ತರಿಸಿದ್ದು ಸೂಟ್‌ಕೇಸಿನಲ್ಲಿ ಎರಡು ದಿನ ಬಿಸಿಯಲ್ಲಿ ಬಿದ್ದಿತ್ತು. ಮೂರು ದಿನ ಕಾದರೂ ಉಬ್ಬಲಿಲ್ಲ. ಬಿಸಾಡಬೇಕಾಯಿತು. ನೀವು ಇರುವ ಊರಲ್ಲಿ ಅಂಗಡಿಯ ಫ್ರಿಜ್‌ನಿಂದ ನೇರವಾಗಿ ನಿಮ್ಮ ಫ್ರಿಜ್‌ಗೆ ಬರುವ ಹಾಗಿದ್ದರೆ ಎರಡು ಮಾತಿಲ್ಲದೆ 3068 ತಗೊಳ್ಳಿ. ಬಿಸಿಲಲ್ಲಿ ಪಾರ್ಸೆಲ್ ಓಡಾಡುವ ಹಾಗಿದ್ದರೆ ಒಣ ಯೀಸ್ಟೇ ಒಳ್ಳೆಯದು. ಸತ್ತ ದುಬಾರಿ ಯೀಸ್ಟ್‌ಗಿಂತ ಜೀವ ಇರುವ ಸಾಧಾರಣ ಯೀಸ್ಟ್ ಎಷ್ಟೋ ಮೇಲು.

ಆ ಖಾಲಿ ಜಾರ್‌ಗೆ ಏಪ್ರಿಲ್‌ನಲ್ಲಿ ಏನು ಹಾಕಿದೆವು ಗೊತ್ತಾ? ಬನ್ನಿಗೆ ಹಾಕುವ ಇನ್‌ಸ್ಟಂಟ್ ಯೀಸ್ಟ್. ಇದನ್ನು ನನ್ನನ್ನು ಕೇಳಿದವರು ಅದೆಷ್ಟು ಜನವೋ, ಹಾಕಿಯೇ ನೋಡೋಣ ಅಂತ ಹಾಕಿದೆವು. ಇದರಲ್ಲಿ ಮರ್ಯಾದೆ ಕಡಿಮೆ ಆಗುವಂಥದ್ದೇನೂ ಇಲ್ಲ. ಫಿನ್‌ಲ್ಯಾಂಡಿನ ಹಳ್ಳಿಗಳ ಸಾಹ್ತಿ ಅನ್ನುವ ಹಳೆಯ ಕಾಲದ ಬಿಯರ್ ಹುದುಗುವುದೇ ಬ್ರೆಡ್ ಯೀಸ್ಟ್‌ನಿಂದ, ಅದರಲ್ಲೂ ಬಾಳೆ, ಲವಂಗದ ವಾಸನೆ ಬರುತ್ತದೆ. ನಮ್ಮದರಲ್ಲಿ ಲವಂಗ ಬಂತು, ಬ್ರೆಡ್ಡಿನ ಹಸಿ ಹಿಟ್ಟಿನ ವಾಸನೆಯೂ ಬಂತು. ಆದರೆ ಯೀಸ್ಟ್ ತಳಕ್ಕೆ ಕೂರಲೇ ಇಲ್ಲ, ಮೂರು ವಾರ ಆದರೂ ಗಂಜಿಯ ಹಾಗೆ ಕದಡಿಕೊಂಡೇ ಇತ್ತು. ಗೋಧಿ ಬಿಯರ್ ಮಬ್ಬಾಗಿರಬೇಕು ನಿಜ, ಆದರೆ ಪ್ರತಿ ಗುಟುಕಲ್ಲೂ ಯೀಸ್ಟ್ ನುಂಗಿದ ಹಾಗೆ ಆಗಬಾರದು. ಕುತೂಹಲಕ್ಕೆ ಒಂದು ಸಲ ಸರಿ. ಆರು ತಾಸು ನಿಂತು ಮಾಡುವ ಕೆಲಸಕ್ಕೆ, ಅಷ್ಟು ಮಾಲ್ಟಿಗೆ, ಇದನ್ನು ಹಾಕಲು ನನಗೆ ಮನಸ್ಸಿಲ್ಲ.

ಯುಎಸ್-05 ಬಗ್ಗೆ ಎರಡೇ ಮಾತು. ಇದು ಏಲ್ ಅನ್ನುವ ಬಗೆಯ ಬಿಯರಿಗೆ ಹಾಕುವ ಅಮೆರಿಕದ ಒಣ ಯೀಸ್ಟ್, ಬಾಳೆಯೂ ಇಲ್ಲ, ಲವಂಗವೂ ಇಲ್ಲ. ಬಾಳೆಹಣ್ಣಿನ ವಾಸನೆ ಸೇರದವರು ಬಹಳ ಜನ ಇದ್ದಾರೆ, ಅವರಿಗೆ ಇದೇ ಸರಿ. ಗೋಧಿಯ ಹಗುರ ಹುಳಿ, ಹೊಸ ಬ್ರೆಡ್ಡಿನ ರುಚಿ ಸ್ಪಷ್ಟವಾಗಿ ಸಿಗುತ್ತದೆ, ಜೊತೆಗೆ ಹಾಪ್ಸ್ ವಾಸನೆ ಬೇಕಿದ್ದರೂ ಇದೇ ಯೀಸ್ಟ್.

ಕೊನೆಯದು ವಾಸ್ ಕ್ವೈಕ್. ನಾರ್ವೆಯ ವಾಸ್ ಕಡೆಯ ರೈತರು ತಲೆಮಾರುಗಳಿಂದ ಒಣಗಿಸಿ ಇಟ್ಟುಕೊಂಡು ಬಂದ ಯೀಸ್ಟ್, ಈಗ ಲಾಲ್ಮಂಡ್ ಪ್ಯಾಕೆಟ್‌ನಲ್ಲಿ ಮಾರುತ್ತದೆ. ಅಷ್ಟು ಚಳಿ ದೇಶದ ಯೀಸ್ಟ್ 35ರಿಂದ 40 ಡಿಗ್ರಿಯಲ್ಲಿ ಖುಷಿಯಾಗಿ ಕೆಲಸ ಮಾಡುತ್ತದೆ ಅನ್ನುವುದು ನನಗೆ ಇವತ್ತಿಗೂ ಆಶ್ಚರ್ಯ. ಜನವರಿಯಲ್ಲಿ ಇದು ಮುದುಡಿಕೊಂಡಿತ್ತು, ಹನ್ನೆರಡು ದಿನ ತೆಗೆದುಕೊಂಡಿತು, ರುಚಿಯಲ್ಲಿ ವಿಶೇಷ ಏನೂ ಇಲ್ಲ. ಏಪ್ರಿಲ್‌ನಲ್ಲಿ ನೋಡಬೇಕಿತ್ತು! ಬೇರೆ ಜಾರ್‌ಗಳೆಲ್ಲ ಥಿನ್ನರ್ ವಾಸನೆ ಬಿಡುತ್ತಿದ್ದರೆ ಇದು ಮೂರೇ ದಿನದಲ್ಲಿ ಕೆಲಸ ಮುಗಿಸಿ, ಕಿತ್ತಳೆ ಸಿಪ್ಪೆಯ ಘಮ ಕೊಟ್ಟು, ತಳಕ್ಕೆ ಗಟ್ಟಿಯಾಗಿ ಕೂತುಬಿಟ್ಟಿತು. ಆದರೆ ಇದು ಬವೇರಿಯಾದ ಗೋಧಿ ಬಿಯರ್ ಆಗುವುದಿಲ್ಲ. ಲವಂಗದ ವಾಸನೆ ಹುಟ್ಟಬೇಕಾದರೆ ಮಾಲ್ಟಿನಲ್ಲಿರುವ ಫೆರುಲಿಕ್ ಆಸಿಡ್ ಅನ್ನು ಯೀಸ್ಟ್ ಬದಲಾಯಿಸಬೇಕು, ಆ ಶಕ್ತಿ ಕ್ವೈಕ್‌ಗೆ ಇಲ್ಲ. ಕಿತ್ತಳೆ ಸಿಪ್ಪೆ, ಜಜ್ಜಿದ ಕೊತ್ತಂಬರಿ ಬೀಜ ಹಾಕುವ ಬೆಲ್ಜಿಯಂ ಶೈಲಿಯ ಗೋಧಿ ಬಿಯರ್ ಕಡೆಗೆ ವಾಲುವವರಿಗೆ ಇದು ಹತ್ತಿರ ಬರುತ್ತದೆ, ಪೂರ್ತಿ ಅದೇ ಅಲ್ಲದಿದ್ದರೂ. ಸೆಕೆಯ ಊರಲ್ಲಿ, ಫ್ರಿಜ್ ಇಲ್ಲದೆ, ಒಳ್ಳೆಯ ಬಿಯರ್ ಬೇಕು ಅಂದರೆ ನಾನು ವಾಸ್ ಹಾಕುತ್ತೇನೆ, ಮನಸ್ಸಲ್ಲಿ ಬಾಳೆಹಣ್ಣಿನ ಆಸೆ ಇಟ್ಟುಕೊಳ್ಳುವುದಿಲ್ಲ. ಕಡಿಮೆ ಗ್ರಾವಿಟಿಯ ವರ್ಟ್‌ಗೆ ಹಾಕುವಾಗ ಯೀಸ್ಟ್ ನ್ಯೂಟ್ರಿಯಂಟ್ (ಯೀಸ್ಟ್‌ಗೆ ಪೋಷಣೆ ಕೊಡುವ ಪುಡಿ) ಒಂದು ಚಿಟಿಕೆ ಹಾಕಿ, ಇದಕ್ಕೆ ಹಸಿವು ಜಾಸ್ತಿ.

ಲವಂಗ, ಬಾಳೆ ಎರಡನ್ನೂ ಬೇಕಾದ ಹಾಗೆ ಏರಿಸಿ ಇಳಿಸಬಹುದು, ಯೀಸ್ಟ್ ಬದಲಾಯಿಸದೆಯೇ. ಲವಂಗ ಜಾಸ್ತಿ ಬೇಕು ಅಂದರೆ ಮಾಲ್ಟ್ ನೆನೆಸುವಾಗ 44 ಡಿಗ್ರಿಯಲ್ಲಿ ಹದಿನೈದು ನಿಮಿಷ ನಿಲ್ಲಿಸಿ, ಆಮೇಲೆ 66ಕ್ಕೆ ಏರಿಸಿ. ಆ ಹದಿನೈದು ನಿಮಿಷದಲ್ಲಿ ಫೆರುಲಿಕ್ ಆಸಿಡ್ ಬಿಡುಗಡೆ ಆಗುತ್ತದೆ. ಬಾಳೆ ಜಾಸ್ತಿ ಬೇಕು ಅಂದರೆ ಒಂದೆರಡು ಡಿಗ್ರಿ ಬೆಚ್ಚಗೆ ಬಿಡಿ, ಯೀಸ್ಟ್ ತುಸು ಕಡಿಮೆ ಹಾಕಿ. 11 ಗ್ರಾಂ ಪ್ಯಾಕೆಟ್ 20 ಲೀಟರಿಗೆ ಸರಿಹೋಗುತ್ತದೆ, 5 ಲೀಟರ್ ವರ್ಟ್ ಇದ್ದ ಒಂದೊಂದು ಜಾರ್‌ಗೆ ನಾವು 3 ಗ್ರಾಂ ತೂಗಿ ಹಾಕಿದೆವು. ತೀರಾ ಕಡಿಮೆ ಮಾಡಲು ಹೋಗಬೇಡಿ, ಯೀಸ್ಟ್ ಸುಸ್ತಾಗಿ ಅರ್ಧಕ್ಕೆ ನಿಲ್ಲುತ್ತದೆ.

ನೀರಿನ ವಿಷಯ ಯಾರೂ ಹೇಳುವುದಿಲ್ಲ, ಆದರೆ ಗೋಧಿ ಬಿಯರಿಗೆ ಅದು ಮುಖ್ಯ. ನಲ್ಲಿ ನೀರಲ್ಲಿ ಕ್ಲೋರಿನ್ ಇದ್ದರೆ, ಲವಂಗದ ವಾಸನೆ ಕೊಡುವ ಯೀಸ್ಟ್‌ಗಳ ಜೊತೆ ಸೇರಿ ಆಸ್ಪತ್ರೆಯ ಔಷಧಿ ವಾಸನೆ ಹುಟ್ಟುತ್ತದೆ. ಹಿಂದಿನ ದಿನವೇ ಕುದಿಸಿ ತೆರೆದಿಟ್ಟ ನೀರು ಬಳಸಿ. ಪಾತ್ರೆ ಬ್ಲೀಚಿಂಗ್ ಪೌಡರ್‌ನಲ್ಲಿ ತೊಳೆಯುವ ಅಭ್ಯಾಸ ಇದ್ದರೆ ಇದಕ್ಕೆ ಮಾತ್ರ ಬೇಡ.

ಬಿಸಿ ಇಳಿಸಲು ದೊಡ್ಡ ಖರ್ಚು ಬೇಕಿಲ್ಲ. ಜಾರ್ ಅನ್ನು ಒಂದು ಟಬ್ ನೀರಲ್ಲಿ ನಿಲ್ಲಿಸಿ, ಹಳೆಯ ಟವೆಲ್ ಸುತ್ತಿ ಅದರ ತುದಿ ನೀರಲ್ಲಿ ಮುಳುಗಿರುವ ಹಾಗೆ ಬಿಟ್ಟು, ಎದುರಿಗೆ ಟೇಬಲ್ ಫ್ಯಾನ್ ಹಾಕಿದರೆ ಒಣ ಹವೆಯಲ್ಲಿ ಮೂರು ನಾಲ್ಕು ಡಿಗ್ರಿ ಇಳಿಯುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಹೀಗೇ ತಾನೆ. ಮಳೆಗಾಲದಲ್ಲಿ ಇದು ಅಷ್ಟಾಗಿ ನಡೆಯುವುದಿಲ್ಲ, ಆಗ ಫ್ರೀಜರ್‌ನಲ್ಲಿ ನೀರಿನ ಬಾಟಲಿ ಗಟ್ಟಿ ಮಾಡಿ ಟಬ್ಬಿಗೆ ಇಳಿಸಿ, ಬೆಳಿಗ್ಗೆ ಒಂದು, ಸಂಜೆ ಒಂದು. ಮೊದಲ ಮೂರು ದಿನ ಹೀಗೆ ಕಾಯ್ದುಕೊಂಡರೆ ಸಾಕು, ವಾಸನೆಯ ಹಣೆಬರಹ ಬರೆಯುವುದು ಆ ಮೂರು ದಿನದಲ್ಲೇ. ಜಾರ್‌ನ ಕಾಲು ಭಾಗ ಖಾಲಿ ಬಿಡಿ, ಏರ್‌ಲಾಕ್ ಬದಲು ದಪ್ಪ ಪೈಪ್ ಹಾಕಿ ಅದರ ತುದಿಯನ್ನು ನೀರಿನ ಬಾಟಲಿಗೆ ಬಿಡಿ. ಗೋಧಿ ಬಿಯರ್ ಯೀಸ್ಟ್‌ಗಳ ನೊರೆ ಅಷ್ಟು ಜೋರು.

ಬಾಟಲಿಗೆ ಹಾಕುವಾಗ ಗ್ಯಾಸ್‌ಗೆ ಅಂತ ಬಿಳಿ ಸಕ್ಕರೆಯೇ ಸಾಕು, ಲೀಟರಿಗೆ 7 ಗ್ರಾಂ, ನೀರಲ್ಲಿ ಕುದಿಸಿ ಆರಿಸಿ ಬೆರೆಸುವುದು. ಭಾವ ಮಂಡ್ಯದ ಬೆಲ್ಲ ಹಾಕೋಣ ಅಂತ ಬಹಳ ಒತ್ತಾಯ ಮಾಡಿದರು. ಕಪ್ಪು ಬಿಯರಿಗಾದರೆ ಬಹಳ ಚೆನ್ನಾಗಿರುತ್ತಿತ್ತು, ಇಲ್ಲಿ ಬೆಲ್ಲದ ಘಮ ಬಾಳೆಹಣ್ಣನ್ನು ಮುಚ್ಚಿಬಿಡುತ್ತದೆ. ಜರ್ಮನಿಯವರು ಇದಕ್ಕಿಂತ ಜಾಸ್ತಿ ಗ್ಯಾಸ್ ಇಡುತ್ತಾರೆ, ಆದರೆ ಅವರ ಬಾಟಲಿಯ ಗಾಜು ದಪ್ಪ. ಮಾಮೂಲಿ ಬಾಟಲಿಗೆ 7 ಗ್ರಾಂ ದಾಟಬೇಡಿ. ಡಬ್ಲ್ಯೂಬಿ-06ಗೆ ನಾನು 6ಕ್ಕೇ ನಿಲ್ಲಿಸುತ್ತೇನೆ.

ಗ್ಲಾಸಿಗೆ ಬಗ್ಗಿಸುವಾಗಲೂ ಯೀಸ್ಟ್ ನೋಡಿಕೊಂಡು ಬಗ್ಗಿಸಿ. 3068, ಮ್ಯೂನಿಕ್ ಕ್ಲಾಸಿಕ್ ಎರಡರಲ್ಲೂ ಮುಕ್ಕಾಲು ಬಾಟಲಿ ಸುರಿದ ಮೇಲೆ ಉಳಿದದ್ದನ್ನು ಮೆಲ್ಲಗೆ ತಿರುಗಿಸಿ, ತಳದ ಯೀಸ್ಟನ್ನೂ ಎಬ್ಬಿಸಿ ಗ್ಲಾಸಿಗೆ ಸುರಿಯಿರಿ. ಆ ಮೆತ್ತನೆ, ಆ ಮಬ್ಬು ಎಲ್ಲ ಅಲ್ಲೇ ಇರುವುದು. ವಾಸ್ ಮತ್ತು ಯುಎಸ್-05ರಲ್ಲಿ ತಳ ಎಬ್ಬಿಸುವುದು ಬೇಡ, ಕೊನೆಯ ಎರಡು ಬೆರಳಷ್ಟು ಬಾಟಲಿಯಲ್ಲೇ ಬಿಟ್ಟುಬಿಡಿ.